ಎಂಟನೇ ಕ್ಲಾಸಿನ ಸೈಕಲ್ ಎಲ್ಲಿ ನಿಲ್ಲುತ್ತದೆ?

ಹದಿನೈದು ವರ್ಷದ ಹಿಂದೆ ನಮ್ಮೂರ ಹೈಸ್ಕೂಲಿನ ಮುಂದೆ ಸಂಜೆ ನಾಲ್ಕೂವರೆಗೆ ನಿಂತರೆ ನೋಡಲು ಒಂದು ಸಂಭ್ರಮವಿರುತ್ತಿತ್ತು. ಗಂಟೆ ಬಾರಿಸಿದ್ದೇ ತಡ, ಒಂದೇ ಬಣ್ಣದ, ಒಂದೇ ಅಳತೆಯ ಸರ್ಕಾರಿ ಸೈಕಲ್‌ಗಳು ಗೇಟಿನಿಂದ ಸಾಲಾಗಿ ಹೊರಡುತ್ತಿದ್ದವು. ಎರಡು ಜಡೆ, ಬೆನ್ನಿಗೆ ಚೀಲ, ಕ್ಯಾರಿಯರ್ ಮೇಲೆ ಗೆಳತಿ. ಮೂರು ನಾಲ್ಕು ಕಿಲೋಮೀಟರ್ ದೂರದ ಹಳ್ಳಿಗಳಿಗೆ ಹುಡುಗಿಯರು ಮಾತಾಡಿಕೊಳ್ಳುತ್ತಾ ತುಳಿದು ಹೋಗುತ್ತಿದ್ದರು. ಅವರಿಗೆ ಈಗ ಇಪ್ಪತ್ತೆಂಟೋ ಮೂವತ್ತೋ ವರ್ಷ. ಅದೇ ರಸ್ತೆಯಲ್ಲಿ ಬೆಳಿಗ್ಗೆ ಅವರಲ್ಲಿ ಕೆಲವರು ನನಗೆ ಸಿಗುತ್ತಾರೆ. ಒಬ್ಬಳು ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಅಂಗನವಾಡಿಗೆ ನಡೆಯುತ್ತಿರುತ್ತಾಳೆ, ಒಬ್ಬಳು ಬಸ್ಸು ತಪ್ಪೀತೆಂದು ಓಡುತ್ತಿರುತ್ತಾಳೆ, ಇನ್ನೊಬ್ಬಳು ಗಂಡನ ಬೈಕಿನ ಹಿಂದೆ ಕೂತಿರುತ್ತಾಳೆ. ಸೈಕಲ್ ಮೇಲೆ ಒಬ್ಬಳೂ ಇಲ್ಲ.

ತುಳಿಯುವುದನ್ನು ಅವರು ಮರೆತಿಲ್ಲ. ಈಜು, ಸೈಕಲ್ಲು ಒಮ್ಮೆ ಮೈಗೆ ಹತ್ತಿದರೆ ಹೋಗುವುದಿಲ್ಲ. ದೂರವೂ ಹೆಚ್ಚಿಲ್ಲ. ಸೈಕಲ್ ಕೊಳ್ಳಲಾಗದಷ್ಟು ಬಡತನವೂ ಬಹಳ ಮನೆಗಳಲ್ಲಿ ಇಲ್ಲ, ಅಂಗಳದಲ್ಲಿ ಬೈಕು ನಿಂತಿರುತ್ತದೆ. ಹಾಗಾದರೆ ಆ ಸೈಕಲ್ ಎಲ್ಲಿ ನಿಂತಿತು, ಯಾಕೆ ನಿಂತಿತು? ಹೆಂಗಸರಿಗೂ ಸೈಕಲ್ಲಿಗೂ ನಡುವಿನ ಅಂತರದ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ‘ಅವರಿಗೆ ಕಲಿಸಬೇಕು’ ಎಂಬಲ್ಲಿಂದ ಶುರು ಮಾಡುತ್ತಾರೆ. ನಾನು ಆರು ವರ್ಷದಿಂದ ಭಾನುವಾರ ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಹೆಂಗಸರಿಗೆ ಸೈಕಲ್ ಕಲಿಸುತ್ತಿದ್ದೇನೆ. ಕಲಿಯುವುದು ಕಷ್ಟದ ಭಾಗವೇ ಅಲ್ಲ ಎಂಬುದು ನನಗೆ ಖಾತ್ರಿಯಾಗಿದೆ. ಕಲಿತವಳು ತುಳಿಯುತ್ತಲೇ ಇರುವಂತೆ ನೋಡಿಕೊಳ್ಳುವುದು ಕಷ್ಟ. ಅದಕ್ಕೆ ಏನೇನು ಬೇಕು ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಅಂತರ ಎಷ್ಟು, ಎಲ್ಲಿ?

ಸೈಕಲ್ ಗಂಡಸರ ವಾಹನ ಎಂಬುದು ಲೋಕದ ನಿಯಮವೇನಲ್ಲ. ನೆದರ್ಲೆಂಡ್ಸ್‌ನಲ್ಲಿ ಸೈಕಲ್ ಓಡಾಟದ ಅರ್ಧಕ್ಕಿಂತ ಹೆಚ್ಚು ಪಾಲು ಹೆಂಗಸರದು. ಡೆನ್ಮಾರ್ಕ್‌ನಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮ. ಬ್ರಿಟನ್, ಅಮೆರಿಕಗಳಿಗೆ ಬಂದರೆ ಗಂಡಸರ ಪಾಲು ಎರಡು ಮೂರು ಪಟ್ಟಿಗೆ ಏರುತ್ತದೆ. ದೆಹಲಿ ಐಐಟಿಯ ರಾಹುಲ್ ಗೋಯಲ್ ಮತ್ತು ಸಂಗಡಿಗರು 17 ದೇಶಗಳ ಓಡಾಟದ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿದ್ದಾರೆ. ಒಟ್ಟು ಓಡಾಟದಲ್ಲಿ ಸೈಕಲ್ ಪಾಲು ಶೇ 7 ದಾಟಿದ ಪ್ರದೇಶಗಳಲ್ಲಿ ಹೆಂಗಸರು ಗಂಡಸರಷ್ಟೇ, ಕೆಲವು ಕಡೆ ಅವರಿಗಿಂತ ಹೆಚ್ಚು ತುಳಿಯುತ್ತಾರೆ ಎಂದು ಅವರು ಕಂಡುಕೊಂಡರು. ರಸ್ತೆ ಸೈಕಲ್ಲಿಗೆ ಒಗ್ಗಿದ ಕಡೆ ಹೆಂಗಸರು ತಾವಾಗಿ ಬರುತ್ತಾರೆ ಎಂದೇ ನಾನು ಇದನ್ನು ಓದಿಕೊಳ್ಳುತ್ತೇನೆ. ಸಾರಿಗೆ ಯೋಜನೆ ಮಾಡುವವರಲ್ಲಿ ಅನೇಕರು ಈಗ ಒಂದು ಊರಿನ ರಸ್ತೆ ಎಷ್ಟು ಸುರಕ್ಷಿತ ಎಂದು ಅಳೆಯಲು ಅಲ್ಲಿ ಸೈಕಲ್ ತುಳಿಯುವ ಹೆಂಗಸರನ್ನು ಎಣಿಸುತ್ತಾರೆ.

ನಮ್ಮ ದೇಶದ ಚಿತ್ರ ಇನ್ನೊಂದು ಬಗೆಯದು. ನಮ್ಮಲ್ಲಿ ಅಂತರ ಶಾಲೆಯಲ್ಲಿ ಮುಚ್ಚುತ್ತಾ ಬಂದಿದೆ, ಶಾಲೆ ಬಿಟ್ಟ ಮೇಲೆ ಮತ್ತೆ ಬಾಯಿ ತೆರೆಯುತ್ತದೆ. 2007ರಲ್ಲಿ ಹಳ್ಳಿಯ ಹೆಣ್ಣುಮಕ್ಕಳಲ್ಲಿ ಶಾಲೆಗೆ ಸೈಕಲ್‌ನಲ್ಲಿ ಹೋಗುತ್ತಿದ್ದವರು ಶೇ 4.5 ಮಾತ್ರ. 2017ರ ಹೊತ್ತಿಗೆ ಅದು ಶೇ 11ಕ್ಕೆ ಮುಟ್ಟಿತ್ತು. ರಾಜ್ಯ ಸರ್ಕಾರಗಳು ಹಂಚಿದ ಸೈಕಲ್‌ಗಳ ಕೊಡುಗೆ ಇದರಲ್ಲಿ ದೊಡ್ಡದು. ಬಿಹಾರ 2006ರಲ್ಲಿ ಒಂಬತ್ತನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಡಲು ಆರಂಭಿಸಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಪಕ್ಕದ ಜಾರ್ಖಂಡ್ ಜೊತೆ ಹೋಲಿಸಿ ಇದರ ಪರಿಣಾಮ ಅಳೆದರು. ಪ್ರೌಢಶಾಲೆ ಸೇರುವ ಹುಡುಗಿಯರ ಸಂಖ್ಯೆ ಶೇ 32ರಷ್ಟು ಏರಿತ್ತು, ಹುಡುಗ ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ತಗ್ಗಿತ್ತು. ಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿ ಹೆಚ್ಚಿನ ಫಲ ಕಾಣಿಸಿತು. ಅದೇ ಹೊತ್ತಿಗೆ, 2006-07ರಲ್ಲಿ, ಕರ್ನಾಟಕದಲ್ಲೂ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಯೋಜನೆ ಬಂತು. ನಾನು ಮೊದಲು ಹೇಳಿದ ಸಾಲು ಆ ಸೈಕಲ್‌ಗಳದು. ಕೋವಿಡ್ ಕಾಲದಲ್ಲಿ ವಿತರಣೆ ನಿಂತಾಗ ಅದು ಆ ಮಕ್ಕಳ ಕಾಲನ್ನೇ ಕಟ್ಟಿದಂತಾಯಿತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಹತ್ತನೇ ಕ್ಲಾಸು ಮುಗಿದ ಮೇಲೆ ಏನಾಗುತ್ತದೆ? ನಾನು ಕಂಡ ಮನೆಗಳಲ್ಲಿ ದಾರಿ ಹೆಚ್ಚುಕಡಿಮೆ ಒಂದೇ. ಕಾಲೇಜು ಪಟ್ಟಣದಲ್ಲಿರುತ್ತದೆ, ಬಸ್ ಪಾಸ್ ಆಗುತ್ತದೆ. ಸೈಕಲ್ ತಮ್ಮನ ಕೈಗೆ ಹೋಗುತ್ತದೆ, ಇಲ್ಲವೇ ಅಪ್ಪ ಅದರ ಕ್ಯಾರಿಯರ್‌ಗೆ ಹಾಲಿನ ಕ್ಯಾನು ಕಟ್ಟುತ್ತಾನೆ. ಆಮೇಲೆ ಮದುವೆ. ಗಂಡನ ಮನೆಗೆ ಪಾತ್ರೆ, ಬೀರು, ಮಂಚ ಹೋಗುತ್ತವೆ, ಸೈಕಲ್ ಹೋಗುವುದಿಲ್ಲ. ‘ಸೊಸೆ ಸೈಕಲ್ ತುಳೀತಾಳಂತೆ’ ಎಂಬ ಮಾತು ಕೆಲವು ಊರುಗಳಲ್ಲಿ ಇನ್ನೂ ಮೆಚ್ಚುಗೆಯ ಮಾತಾಗಿಲ್ಲ. ಹಾಗೆ ಹದಿಮೂರನೇ ವಯಸ್ಸಿಗೆ ಸಿಕ್ಕಿದ ಚಕ್ರ ಇಪ್ಪತ್ತೊಂದಕ್ಕೆ ಕೈತಪ್ಪಿ ಹೋಗುತ್ತದೆ.

ಪುದುಕ್ಕೋಟೆಯ ಹೆಂಗಸರು ಮಾಡಿ ತೋರಿಸಿದ್ದು

ಮದುವೆಯಾದ, ಮಕ್ಕಳಿರುವ, ಕೂಲಿ ಮಾಡುವ ಹೆಂಗಸರು ಗುಂಪಾಗಿ ಸೈಕಲ್ ಹತ್ತಿದ ಒಂದು ದೊಡ್ಡ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ತಮಿಳುನಾಡಿನ ಪುದುಕ್ಕೋಟೆ ಒಣಜಿಲ್ಲೆ, ಬಡಜಿಲ್ಲೆ. 1991ರಲ್ಲಿ ಅಲ್ಲಿ ‘ಅರಿವೊಳಿ ಇಯಕ್ಕಂ’ ಎಂಬ ಸಾಕ್ಷರತಾ ಚಳವಳಿ ಶುರುವಾಯಿತು. ಆಗ ಜಿಲ್ಲಾಧಿಕಾರಿಯಾಗಿದ್ದವರು ಶೀಲಾ ರಾಣಿ ಚುಂಕತ್. ಅಕ್ಷರದ ಜೊತೆಗೆ ಸೈಕಲ್ಲನ್ನೂ ಪಾಠವಾಗಿ ಸೇರಿಸಬೇಕು ಎಂದು ಹೊರಟವರು ಅವರು. ಓದು ಕಲಿಸಲು ಹಳ್ಳಿಯಿಂದ ಹಳ್ಳಿಗೆ ಹೋಗಬೇಕಿದ್ದ ಕಾರ್ಯಕರ್ತೆಯರೇ ಮೊದಲು ಸೈಕಲ್ ಹತ್ತಿದರು. ಅವರಿಗೆ ಬ್ಯಾಂಕಿನಿಂದ ಸಾಲವನ್ನೂ ಕೊಡಿಸಲಾಯಿತು. ಅವರನ್ನು ನೋಡಿ ಉಳಿದವರು ಬಂದರು. ಕಲ್ಲು ಒಡೆಯುವವರು, ಹೊಲದ ಕೂಲಿಯವರು, ಅಂಗನವಾಡಿ ಕಾರ್ಯಕರ್ತೆಯರು, ಬಿಸಿಯೂಟದವರು, ಹಳ್ಳಿಯ ದಾದಿಯರು, ಎಲ್ಲರೂ. ಲಕ್ಷಕ್ಕೂ ಹೆಚ್ಚು ಹೆಂಗಸರು ಕಲಿತರು. 70,000ಕ್ಕೂ ಹೆಚ್ಚು ಹೆಂಗಸರು ಬಹಿರಂಗವಾಗಿ ತಮ್ಮ ಸೈಕಲ್ ಸವಾರಿ ತೋರಿಸಿದರು. ಪತ್ರಕರ್ತ ಪಿ. ಸಾಯಿನಾಥ್ ಅಲ್ಲಿಗೆ ಹೋಗಿ ಬರೆದ ವರದಿ ದೇಶಕ್ಕೆಲ್ಲ ಈ ಕಥೆಯನ್ನು ತಲುಪಿಸಿತು.

ಈ ಕಥೆಯಿಂದ ನಾವು ಕಲಿಯಬೇಕಾದ ಮೊದಲ ಸಂಗತಿ ಗುಂಪಿನದು. ಒಬ್ಬಳು ಹೆಂಗಸು ಸೈಕಲ್ ಹತ್ತಿದರೆ ಊರು ಅವಳನ್ನು ನೋಡುತ್ತದೆ. ನಲವತ್ತು ಜನ ಒಟ್ಟಿಗೆ ಹತ್ತಿದರೆ ನೋಡುವ ಕಣ್ಣಿಗೆ ಒಂದು ವಾರಕ್ಕೆ ಬೇಸರವಾಗುತ್ತದೆ. ಪುದುಕ್ಕೋಟೆಯಲ್ಲಿ ಮೊದಮೊದಲು ಅವರ ಮೇಲೆ ಕೊಂಕು, ಕೊಳಕು ಮಾತು ಬಿದ್ದವು. ಸಂಖ್ಯೆಯೇ ಅದಕ್ಕೆ ಉತ್ತರವಾಯಿತು.

ಎರಡನೆಯದು ಇನ್ನೂ ಕುತೂಹಲದ್ದು. ಬೇಡಿಕೆ ಹೆಚ್ಚಿ ಅಂಗಡಿಗಳಲ್ಲಿ ಲೇಡೀಸ್ ಸೈಕಲ್ ಖಾಲಿಯಾದಾಗ ಹೆಂಗಸರು ಜೆಂಟ್ಸ್ ಸೈಕಲ್ಲನ್ನೇ ಕೊಂಡರು. ಕೆಲವರು ಬೇಕೆಂದೇ ಅದನ್ನು ಆರಿಸಿದರು. ಸೀಟಿನಿಂದ ಹ್ಯಾಂಡಲ್‌ವರೆಗೆ ಇರುವ ಅಡ್ಡ ಬಾರ್ ಮೇಲೆ ಮಗುವನ್ನು ಕೂರಿಸಬಹುದಲ್ಲ! ನಾವು ಮೇಲಿನಿಂದ ಯೋಜನೆ ಮಾಡುವಾಗ ಹೆಂಗಸರಿಗೆ ಇಂಥದೇ ಬೇಕು ಎಂದು ತೀರ್ಮಾನಿಸಿಬಿಡುತ್ತೇವೆ. ಅವರಿಗೆ ಬೇಕಾದದ್ದು ಅವರ ದಿನಚರಿಯಿಂದ ಹುಟ್ಟುತ್ತದೆ. ಅಲ್ಲಿ ಮಗು, ನೀರಿನ ಕೊಡ, ಸಂತೆಯ ಚೀಲ ಮೂರೂ ಸೈಕಲ್ ಮೇಲೆಯೇ ಸಾಗಿದವು.

ಲೆಕ್ಕವೂ ಸರಳ. ಮೂರು ಕಿಲೋಮೀಟರ್ ನಡೆಯಲು ಸುಮಾರು ನಲವತ್ತು ನಿಮಿಷ. ಆತುರವಿಲ್ಲದೆ ತುಳಿದರೆ ಹದಿನೈದು. ಹೋಗಿ ಬರುವಾಗ ಸೇರಿ ದಿನಕ್ಕೆ ಐವತ್ತು ನಿಮಿಷ ಉಳಿತಾಯ. ನಸುಕಿನಲ್ಲಿ ಎದ್ದು ರಾತ್ರಿ ಹತ್ತರವರೆಗೆ ದುಡಿಯುವವಳಿಗೆ ಐವತ್ತು ನಿಮಿಷ ಎಷ್ಟು ದೊಡ್ಡದು ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಮೂವತ್ತು, ನಲವತ್ತರಲ್ಲಿ ಕಲಿಯುವುದು ಹೇಗೆ?

ನಾನು ಹನ್ನೆರಡನೇ ವಯಸ್ಸಿಗೆ ಬಾಡಿಗೆ ಸೈಕಲ್‌ನಲ್ಲಿ ಒಳಪೆಡ್ಲು ಹೊಡೆದು ಕಲಿತವಳು. ಮೊಣಕಾಲಿನ ಗಾಯದ ಕಲೆ ಇನ್ನೂ ಇದೆ. ದೊಡ್ಡವರು ಹಾಗೆ ಬಿದ್ದು ಕಲಿಯಬೇಕಾಗಿಲ್ಲ, ಬೀಳುವ ಭಯಕ್ಕೇ ಬಹಳ ಜನ ಹತ್ತಿರ ಬರುವುದಿಲ್ಲ. ಹಿಂದಿನಿಂದ ಕ್ಯಾರಿಯರ್ ಹಿಡಿದು ಓಡುವ ನಮ್ಮ ಹಳೆಯ ಪದ್ಧತಿಯಲ್ಲಿ ಒಂದು ದೋಷವಿದೆ: ತೂಕದ ಸಮತೋಲವನ್ನು ಹಿಡಿದವರು ಮಾಡುತ್ತಿರುತ್ತಾರೆ, ಕೂತವಳು ಮಾಡುತ್ತಿರುವುದಿಲ್ಲ. ಕೈ ಬಿಟ್ಟ ಕ್ಷಣ ಆಕೆ ಬೀಳುತ್ತಾಳೆ.

ನಾವು ಮಾಡುವುದು ಹೀಗೆ. ಮೊದಲು ಎರಡೂ ಪೆಡಲ್ ಬಿಚ್ಚಿ ಪಕ್ಕಕ್ಕಿಡುತ್ತೇವೆ. ಬಲಗಡೆಯ ಪೆಡಲ್ ಮಾಮೂಲಿನಂತೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿದರೆ ಬಿಚ್ಚುತ್ತದೆ. ಎಡಗಡೆಯದರ ಮರೆ ತಿರುವುಮುರುವು, ಅದನ್ನು ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಬೇಕು. ಇದು ಗೊತ್ತಿಲ್ಲದೆ ಬಲ ಹಾಕಿ ಮರೆ ಕೆಡಿಸಿದವರನ್ನು ನೋಡಿದ್ದೇನೆ. ಆಮೇಲೆ ಸೀಟನ್ನು ಎಷ್ಟು ತಗ್ಗಿಸಬೇಕೆಂದರೆ ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು. ಈಗ ಅದು ಮಕ್ಕಳ ಆಟಿಕೆಯ ಗಾಡಿಯಂತಾಯಿತು. ಬೀಳುವ ಮಾತೇ ಇಲ್ಲ, ವಾಲಿದರೆ ಕಾಲು ಊರಿದರಾಯಿತು.

ಮೊದಲ ದಿನ ಕೂತುಕೊಂಡು ನಡೆಯುವುದು, ಬ್ರೇಕ್ ಹಿಡಿದು ನಿಲ್ಲಿಸುವುದು, ಇಷ್ಟೇ. ಬ್ರೇಕ್ ಮೊದಲು ಕಲಿಯುವುದು ಮುಖ್ಯ. ನಿಲ್ಲಿಸಲು ಬರುತ್ತದೆ ಎಂದು ಗೊತ್ತಾದ ಮೇಲೆ ಮೈಯ ಬಿಗಿ ತಾನಾಗಿ ಸಡಿಲುತ್ತದೆ. ಮುಂದೆ ಕೊಂಚ ಇಳಿಜಾರಿನ ಜಾಗದಲ್ಲಿ ನೆಲವನ್ನು ಎರಡೂ ಕಾಲಿನಿಂದ ಒದ್ದು, ಕಾಲೆತ್ತಿ ಜಾರುವುದು. ಮೂರು ಮಾರು, ಐದು ಮಾರು, ಹತ್ತು ಮಾರು. ಕಣ್ಣು ಮುಂಚಕ್ರದ ಮೇಲಿರಬಾರದು, ಮೈದಾನದ ಆಚೆ ತುದಿಯ ಮರವನ್ನು ನೋಡುತ್ತಿರಬೇಕು. ಸೈಕಲ್ ಯಾವ ಕಡೆ ವಾಲುತ್ತದೋ ಅದೇ ಕಡೆಗೆ ಹ್ಯಾಂಡಲ್ಲನ್ನು ಕೊಂಚ ತಿರುಗಿಸಿದರೆ ಅದು ಮತ್ತೆ ನೆಟ್ಟಗಾಗುತ್ತದೆ. ಇಡೀ ವಿದ್ಯೆ ಇಷ್ಟೇ, ಬಾಯಲ್ಲಿ ಹೇಳಿದರೆ ಬರುವುದಿಲ್ಲ, ಜಾರುತ್ತಾ ಜಾರುತ್ತಾ ಮೈಯೇ ಕಂಡುಕೊಳ್ಳುತ್ತದೆ.

ಹೀಗೆ ಹತ್ತು ಮಾರು ಕಾಲೆತ್ತಿ ಜಾರಲು ಬಂದ ದಿನ ಪೆಡಲ್ ಹಾಕುತ್ತೇವೆ. ಹೊರಡುವಾಗ ಒಂದು ಪೆಡಲ್ ಮುಂದಕ್ಕೆ, ಎರಡು ಗಂಟೆಯ ಮುಳ್ಳಿನ ಜಾಗದಲ್ಲಿರಲಿ. ಅದನ್ನು ಬಲವಾಗಿ ಒತ್ತಿದರೆ ಮೊದಲ ತಳ್ಳು ಸಿಗುತ್ತದೆ, ಆ ವೇಗದಲ್ಲಿ ಇನ್ನೊಂದು ಕಾಲು ತನ್ನ ಪೆಡಲ್ ಹುಡುಕಿಕೊಳ್ಳುತ್ತದೆ. ನನ್ನ ಬಳಿ ಬಂದವರಲ್ಲಿ ಹೆಚ್ಚಿನವರು ಮೂರು ನಾಲ್ಕು ಭಾನುವಾರಕ್ಕೆ ತುಳಿದಿದ್ದಾರೆ. ಐವತ್ತೆಂಟು ವರ್ಷದ ಒಬ್ಬರು ಎಂಟು ವಾರ ತೆಗೆದುಕೊಂಡರು. ಮೈದಾನದ ಪೂರ್ತಿ ಒಂದು ಸುತ್ತು ಹಾಕಿ ಬಂದು ಇಳಿದು, ಸೆರಗಿನಿಂದ ಮುಖ ಒರೆಸಿಕೊಂಡು, ‘ನಮ್ಮಪ್ಪ ಇರಬೇಕಿತ್ತು, ನೋಡೋಕೆ’ ಎಂದರು. ನಾವ್ಯಾರೂ ಏನೂ ಹೇಳಲಿಲ್ಲ.

ಕಲಿಸುವವರು ಹೆಂಗಸರೇ ಆಗಿರಲಿ, ಮೈದಾನದ ಸುತ್ತ ನಿಂತು ನೋಡುವವರು ಇಲ್ಲದ ಹೊತ್ತಾಗಿರಲಿ. ಇವೆರಡನ್ನು ಪಾಲಿಸಿದರೆ ಉಳಿದದ್ದೆಲ್ಲ ಸಲೀಸು. ಕಡೆಯ ಪಾಠವಾಗಿ ಚೈನು ಏರಿಸುವುದು, ಗಾಳಿ ನೋಡುವುದು, ಪಂಚರ್ ಹಾಕುವುದನ್ನು ಕಲಿಸಿ. ಅರ್ಧ ದಾರಿಯಲ್ಲಿ ಚೈನು ಕಳಚಿದಾಗ ಯಾರನ್ನೂ ಕೂಗಬೇಕಾಗಿ ಬರದ ಹೆಂಗಸು ಮಾರನೆಯ ದಿನವೂ ಸೈಕಲ್ ತೆಗೆಯುತ್ತಾಳೆ.

ಮೈಗೆ ಒಗ್ಗುವ ಸೈಕಲ್, ಸೈಕಲ್ಲಿಗೆ ಒಗ್ಗುವ ಉಡುಪು

ಸೈಕಲ್ ಬಿಟ್ಟ ಅನೇಕ ಹೆಂಗಸರು ಹೇಳುವ ಕಾರಣ ನೋವು. ಸೀಟು ಒತ್ತುತ್ತದೆ, ಬೆನ್ನು ಹಿಡಿಯುತ್ತದೆ, ಕೈ ಜೋಮು ಬರುತ್ತದೆ. ಇದಕ್ಕೆ ದೇಹದ ದೌರ್ಬಲ್ಯ ಕಾರಣವಲ್ಲ, ಅಳತೆ ತಪ್ಪಿರುತ್ತದೆ. ನಾವು ಕೂತಾಗ ಭಾರ ಬೀಳುವುದು ಕುಂಡಿಯೊಳಗಿನ ಎರಡು ಗಟ್ಟಿ ಎಲುಬುಗಳ ಮೇಲೆ. ಹೆಂಗಸರಲ್ಲಿ ಅವುಗಳ ನಡುವಿನ ಅಂತರ ಸರಾಸರಿ ಹೆಚ್ಚು. ಸೀಟು ಕಿರಿದಾಗಿದ್ದರೆ ಎಲುಬಿನ ಬದಲು ಮೆದು ಭಾಗದ ಮೇಲೆ ಭಾರ ಬಿದ್ದು ನೋಯುತ್ತದೆ. ಬೆನ್ನು ನೆಟ್ಟಗಿಟ್ಟು ತುಳಿಯುವವರಿಗೆ ಅಗಲವಾದ ಸೀಟು ಬೇಕು. ಸೀಟಿನ ಮೂತಿಯನ್ನು ಒಂದೆಳೆ ಕೆಳಗೆ ಬಾಗಿಸಿದರೂ ಸಾಕಷ್ಟು ವ್ಯತ್ಯಾಸವಾಗುತ್ತದೆ. ಎತ್ತರಕ್ಕೆ ಒಂದು ಗುರುತಿದೆ: ಸೀಟಿನ ಮೇಲೆ ಕೂತು, ಕೆಳಗಿಳಿದ ಪೆಡಲ್ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ಹದವಾಗಿ ಬಾಗಿರುತ್ತದೆ. ಕಲಿಯುವಾಗ ತಗ್ಗಿಸಿದ ಸೀಟನ್ನು ಹಾಗೆಯೇ ಬಿಟ್ಟು ತಿಂಗಳುಗಟ್ಟಲೆ ತುಳಿದು ಮೊಣಕಾಲು ನೋಯಿಸಿಕೊಳ್ಳುವವರು ಬಹಳ.

ಹ್ಯಾಂಡಲ್ ಹತ್ತಿರವಿರಲಿ, ಬ್ರೇಕಿನ ಹಿಡಿ ಬೆರಳಿಗೆ ಎಟುಕಲಿ. ಮುಂದೆ ಬುಟ್ಟಿ, ಹಿಂದೆ ಗಟ್ಟಿ ಕ್ಯಾರಿಯರ್, ಎರಡು ಕಾಲಿನ ಸ್ಟ್ಯಾಂಡ್ ಇರಲಿ. ಸಾಮಾನು ಹೇರಿದಾಗ ಒಂಟಿಕಾಲಿನ ಸ್ಟ್ಯಾಂಡ್ ನಿಲ್ಲುವುದಿಲ್ಲ. ಗೇರಿನ, ದಪ್ಪ ಟೈರಿನ, ಸ್ಪ್ರಿಂಗಿನ ಸೈಕಲ್‌ಗಳನ್ನು ಅಂಗಡಿಯವರು ಹೊಗಳಿ ಮಾರುತ್ತಾರೆ. ದಿನಸಿ ತರುವವರಿಗೆ ಅವುಗಳಿಂದ ಉಪಯೋಗ ಕಡಿಮೆ, ಅವಕ್ಕೆ ಮಡ್‌ಗಾರ್ಡ್ ಕೂಡ ಸರಿಯಾಗಿ ಇರುವುದಿಲ್ಲ.

ಇನ್ನು ಉಡುಪು. ಚೂಡಿದಾರದ ದುಪಟ್ಟಾ, ಸೀರೆಯ ಸೆರಗು, ನೆರಿಗೆ, ಬುರ್ಖಾ, ಯಾವುದೇ ಆಗಲಿ, ಸಿಕ್ಕಿಕೊಳ್ಳುವುದು ಎರಡೇ ಕಡೆ: ಚೈನಿನಲ್ಲಿ ಮತ್ತು ಹಿಂದಿನ ಚಕ್ರದ ಕಡ್ಡಿಗಳಲ್ಲಿ. ಚೈನಿಗೆ ಪೂರ್ತಿ ಮುಚ್ಚಿದ ಕವರ್ ಹಾಕಿಸಬಹುದು. ಹಿಂಚಕ್ರಕ್ಕೆ ಬಲೆ. ನಮ್ಮ ಮೋಟಾರು ವಾಹನ ನಿಯಮ ಬೈಕಿನ ಹಿಂಚಕ್ರಕ್ಕೆ ಸೀರೆ ಗಾರ್ಡ್ ಇರಲೇಬೇಕೆನ್ನುತ್ತದೆ. ಹಿಂದೆ ಕೂತ ಹೆಂಗಸಿನ ಸೀರೆಯ ಬಗ್ಗೆ ಕಾನೂನಿಗೆ ಇರುವ ಕಾಳಜಿ, ತಾನೇ ತುಳಿಯುವ ಹೆಂಗಸಿನ ಸೀರೆಯ ಬಗ್ಗೆ ಸೈಕಲ್ ತಯಾರಿಸುವವರಿಗೂ ಬರಬೇಕು. ಬರುವವರೆಗೆ, ಪಂಚರ್ ಅಂಗಡಿಯಲ್ಲಿ ಮಡ್‌ಗಾರ್ಡಿನಿಂದ ಚಕ್ರದ ನಡುವಿನವರೆಗೆ ದಪ್ಪ ದಾರ ಅಥವಾ ತಂತಿ ಬಲೆ ಕಟ್ಟಿಸಿಕೊಳ್ಳಬಹುದು. ನಮ್ಮ ಗುಂಪಿನಲ್ಲಿ ಬಹಳ ಜನ ಹಾಗೆ ಮಾಡಿಕೊಂಡಿದ್ದಾರೆ. ಸೀರೆಯಲ್ಲಿ ಆಗುವುದಿಲ್ಲ ಎನ್ನುವವರಿಗೆ ಉತ್ತರ ಕರ್ನಾಟಕದ ಕಚ್ಚೆ ಸೀರೆಯನ್ನು ನೆನಪಿಸುತ್ತೇನೆ. ಹೊಲದಲ್ಲಿ ಬಗ್ಗಿ ಎದ್ದು ದುಡಿಯುವವರು ಕಾಲಾಡಲೆಂದೇ ರೂಢಿಸಿಕೊಂಡ ಉಡುಗೆ ಅದು. ಸೈಕಲ್ಲಿಗೂ ಸರಿಹೊಂದುತ್ತದೆ.

ಗರ್ಭಕೋಶ ಜಾರುತ್ತದೆ, ಮುಟ್ಟು ಏರುಪೇರಾಗುತ್ತದೆ, ಮಕ್ಕಳಾಗುವುದಿಲ್ಲ ಎಂಬ ಮಾತುಗಳು ಈಗಲೂ ಅತ್ತೆಯರಿಂದ ಸೊಸೆಯರಿಗೆ ಇಳಿಯುತ್ತಿವೆ. ಇವು ನಮ್ಮ ಹಳ್ಳಿಯಲ್ಲಿ ಮಾತ್ರ ಹುಟ್ಟಿದವಲ್ಲ. 1890ರ ದಶಕದಲ್ಲಿ ಯುರೋಪ್, ಅಮೆರಿಕದ ಹೆಂಗಸರು ಸೈಕಲ್ ಹತ್ತಿದಾಗ ಅಲ್ಲಿನ ವೈದ್ಯರೇ ಕೆಲವರು ಇಂಥದ್ದನ್ನೇ ಹೇಳಿ ಹೆದರಿಸಿದರು. ಸೈಕಲ್ ತುಳಿದರೆ ಮುಖದ ಲಕ್ಷಣವೇ ಕೆಡುತ್ತದೆ ಎಂದು ಅದಕ್ಕೊಂದು ರೋಗದ ಹೆಸರನ್ನೂ ಇಟ್ಟಿದ್ದರು. ಆ ಹೆಂಗಸರ ಮುಂದಿನ ಪೀಳಿಗೆಯವರು ಈಗ ಒಲಿಂಪಿಕ್ಸ್‌ನಲ್ಲಿ ತುಳಿಯುತ್ತಾರೆ. ಹೆಂಗಸರ ಸೈಕಲ್ ಸ್ಪರ್ಧೆ ಒಲಿಂಪಿಕ್ಸ್‌ಗೆ ಬಂದದ್ದು 1984ರಲ್ಲಿ, ಗಂಡಸರದು 1896ರಿಂದಲೇ ಇತ್ತು. ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ತರುತ್ತಿದ್ದಾರೆ. ಆರೋಗ್ಯವಂತ ಹೆಂಗಸಿಗೆ ಸೈಕಲ್‌ನಿಂದ ಗರ್ಭಕೋಶಕ್ಕೆ ತೊಂದರೆಯಿಲ್ಲ. ಹೆರಿಗೆಯಾಗಿ ಹೆಚ್ಚು ದಿನವಾಗದವರು, ಶಸ್ತ್ರಚಿಕಿತ್ಸೆ ಆದವರು, ಬಸುರಿಯರು ಮಾತ್ರ ವೈದ್ಯರನ್ನು ಕೇಳಿ ಹತ್ತಬೇಕು.

ರಸ್ತೆ ಯಾರ ಲೆಕ್ಕಕ್ಕೆ?

ಗಂಡಸರ ಓಡಾಟ ಬಹುಪಾಲು ನೇರ: ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ. ಹೆಂಗಸಿನ ಓಡಾಟ ರಂಗೋಲಿಯ ಎಳೆಯಂತೆ ಚುಕ್ಕಿಗಳನ್ನು ಸುತ್ತುತ್ತದೆ. ಮಗುವನ್ನು ಶಾಲೆಗೆ ಬಿಟ್ಟು, ನ್ಯಾಯಬೆಲೆ ಅಂಗಡಿಗೆ ಹೋಗಿ, ಸಂಘದ ಸಾಲದ ಕಂತು ಕಟ್ಟಿ, ತರಕಾರಿ ಹಿಡಿದು, ಟೈಲರ್ ಹತ್ತಿರ ರವಿಕೆ ಇಸಿದುಕೊಂಡು ಮನೆಗೆ. ಒಂದೊಂದು ಎಳೆಯೂ ಒಂದೆರಡು ಕಿಲೋಮೀಟರ್. ಸೈಕಲ್ಲಿಗೆ ಇದಕ್ಕಿಂತ ಹೊಂದುವ ಓಡಾಟ ಇನ್ನೊಂದಿಲ್ಲ. ಆದರೆ ನಮ್ಮ ನಗರಗಳಲ್ಲಿ ಸೈಕಲ್ ದಾರಿ ಎಂದರೆ ದೊಡ್ಡ ರಸ್ತೆಯ ಪಕ್ಕದ ಪಟ್ಟಿ. 2020ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಮಾಡಿದ ಸೈಕಲ್ ಪಥ ಐಟಿ ಕಚೇರಿಗಳ ಸಾಲಿಗೆ ಹೊಂದಿಕೊಂಡಿತ್ತು. ಬೈಕುಗಳು ನುಗ್ಗಿ, ಕಂಬಗಳು ಮುರಿದು, ಕೊನೆಗೆ ಅದನ್ನು ತೆಗೆದೇಬಿಟ್ಟರು. ಅದು ಉಳಿದಿದ್ದರೂ ಬಡಾವಣೆಯೊಳಗೆ ಮಗುವನ್ನು ಕೂರಿಸಿಕೊಂಡು ಶಾಲೆಗೆ ಹೋಗುವ ತಾಯಿಗೆ ಅದರಿಂದ ಹೆಚ್ಚು ಪ್ರಯೋಜನವಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಸ್ಪೇನಿನ ಸೆವಿಲ್ಲಾ ನಗರದಲ್ಲಿ ಮೊದಲು ಸೈಕಲ್ ಇಲ್ಲವೇ ಇಲ್ಲ ಎಂಬಷ್ಟು ಕಡಿಮೆ ಇತ್ತು. 2006ರ ಆಚೀಚೆ ಆ ನಗರದವರು ಸುಮಾರು 80 ಕಿಲೋಮೀಟರ್ ಸೈಕಲ್ ದಾರಿಯನ್ನು ತುಂಡು ತುಂಡಾಗಿ ಮಾಡದೆ, ಒಂದಕ್ಕೊಂದು ಕೂಡುವಂತೆ, ಮೋಟಾರು ವಾಹನ ನುಗ್ಗದಂತೆ ಅಡ್ಡಗಟ್ಟೆ ಇಟ್ಟು, ಒಂದೆರಡು ವರ್ಷದಲ್ಲೇ ಮುಗಿಸಿದರು. ಸೈಕಲ್ ಓಡಾಟ ಹಲವು ಪಟ್ಟು ಬೆಳೆಯಿತು, ಹೆಂಗಸರ ಪಾಲೂ ಏರಿತು. ಹಾಗೆ ಕೂಡಿಸುವುದೇ ಮುಖ್ಯ: ನಡುವೆ ಒಂದು ಸರ್ಕಲ್‌ನಲ್ಲಿ ದಾರಿ ಕಡಿದುಹೋದರೂ ಇಡೀ ದಾರಿ ವ್ಯರ್ಥ. ಹತ್ತು ನಿಮಿಷದ ಪ್ರಯಾಣದಲ್ಲಿ ಒಂದು ನಿಮಿಷ ಲಾರಿಗಳ ನಡುವೆ ಸಿಕ್ಕಿಬೀಳುವ ಭಯವಿದ್ದರೆ ಹೆಂಗಸು ಮನೆಯಿಂದ ಸೈಕಲ್ ತೆಗೆಯುವುದೇ ಇಲ್ಲ.

ನಮ್ಮ ಪಟ್ಟಣಗಳಿಗೆ ಕೋಟಿಗಟ್ಟಲೆ ಹಣ ಬೇಕಾಗಿಲ್ಲ. ಬಡಾವಣೆಯ ಒಳರಸ್ತೆಗಳಲ್ಲಿ ವೇಗ ತಗ್ಗಿಸಿ, ಶಾಲೆಯ ಮುಂದೆ ಬೆಳಿಗ್ಗೆ ಸಂಜೆ ಅರ್ಧ ಗಂಟೆ ಕಾರು ಬೈಕು ನಿಲ್ಲಿಸಿ, ಬೀದಿದೀಪ ಉರಿಯುವಂತೆ ನೋಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಬೆಳಕಿನ ಬಗ್ಗೆ ಒತ್ತಿ ಹೇಳುತ್ತೇನೆ. ಚಳಿಗಾಲದಲ್ಲಿ ಆರೂವರೆಗೆ ಕತ್ತಲಾಗುತ್ತದೆ. ಗಾರ್ಮೆಂಟ್ಸ್ ಕೆಲಸ ಬಿಡುವುದೂ ಆಗಲೇ. ಆ ಹೊತ್ತಿಗೆ ದೀಪವಿಲ್ಲದ ಒಂದು ಕಿಲೋಮೀಟರ್ ರಸ್ತೆ ನೂರಾರು ಹೆಂಗಸರನ್ನು ಸೈಕಲ್‌ನಿಂದ ಇಳಿಸಿಬಿಡುತ್ತದೆ. ಅಡ್ಡ ಬಂದು ಚುಡಾಯಿಸುವವರ ವಿಷಯದಲ್ಲಿ ಪೊಲೀಸರ ಬೀಟು ಆ ಹೊತ್ತಿಗೆ, ಆ ದಾರಿಗೆ ಬರಬೇಕು. ‘ಕತ್ತಲಾದ ಮೇಲೆ ಹೋಗಬೇಡಿ’ ಎಂಬ ಬುದ್ಧಿವಾದ ದುಡಿಯುವ ಹೆಂಗಸಿಗೆ ಯಾವ ಉಪಯೋಗಕ್ಕೂ ಬಾರದು.

ಬಸ್ಸಿನ ಜೊತೆ ಸೈಕಲ್

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಂಗಸರಿಗೆ ಸರ್ಕಾರಿ ಬಸ್ ಉಚಿತ. ಇನ್ನು ಸೈಕಲ್ ಯಾರಿಗೆ ಬೇಕು ಎಂದು ಕೆಲವರು ನನ್ನನ್ನು ಕೇಳಿದ್ದಾರೆ. ನನಗೆ ಇದರಿಂದ ಸೈಕಲ್ಲಿನ ಅಗತ್ಯ ಹೆಚ್ಚಿದಂತೆ ಕಾಣುತ್ತದೆ. ಬಸ್ಸು ಮುಖ್ಯರಸ್ತೆಗೆ ಬರುತ್ತದೆ, ತೋಟದ ಮನೆಗೆ ಬರುವುದಿಲ್ಲ. ಮುಖ್ಯರಸ್ತೆಯ ಕ್ರಾಸಿನವರೆಗಿನ ಎರಡು ಮೂರು ಕಿಲೋಮೀಟರನ್ನು ತೋಟದ ಮನೆಯ ಹೆಂಗಸು ಇನ್ನೂ ನಡೆದೇ ದಾಟುತ್ತಾಳೆ, ಇಲ್ಲವೇ ಆಟೋಗೆ ಕಾಸು ಕೊಡುತ್ತಾಳೆ. ಕ್ರಾಸಿನಲ್ಲಿ ಒಂದು ತಗಡಿನ ಸೂರು, ಬೀಗ ಹಾಕಿ ಸೈಕಲ್ ಕಟ್ಟಲು ನಾಲ್ಕು ಕಬ್ಬಿಣದ ಕಂಬಿ, ಒಂದು ದೀಪ, ಇಷ್ಟನ್ನು ಗ್ರಾಮ ಪಂಚಾಯಿತಿಯೇ ಮಾಡಬಹುದು. ತಾಲ್ಲೂಕು ಬಸ್ ನಿಲ್ದಾಣದ ಪಾರ್ಕಿಂಗ್‌ನಲ್ಲಿ ಬೈಕುಗಳಿಗೆ ಜಾಗ ಮಾಡಲು ಸೈಕಲ್‌ಗಳನ್ನು ಮೂಲೆಗೆ ತಳ್ಳುವುದನ್ನು ನಿಲ್ಲಿಸಬೇಕು.

ಮನೆಯೊಳಗಿನ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಸೈಕಲ್ ಯಾರದು? ಮನೆಗೆ ಒಂದೇ ಸೈಕಲ್ ಇದ್ದರೆ ಅದು ಹೆಂಗಸಿನ ಕೈಗೆ ಸಿಗುವುದು ಎಲ್ಲರದೂ ಮುಗಿದ ಮೇಲೆ. ಪುದುಕ್ಕೋಟೆಯಲ್ಲಿ ಸೈಕಲ್ ಕೊಳ್ಳಲು ಕಾರ್ಯಕರ್ತೆಯರಿಗೇ ಸಾಲ ಕೊಡಿಸಿದ್ದರು. ನಮ್ಮ ಸ್ವಸಹಾಯ ಸಂಘಗಳು ಹಸುವಿಗೆ, ಹೊಲಿಗೆ ಯಂತ್ರಕ್ಕೆ ಸಾಲ ಕೊಡುತ್ತವೆ. ಸೈಕಲ್ಲಿಗೂ ಕೊಡಲಿ. ಸಂಘವೇ ಐದಾರು ಸೈಕಲ್ ಕೊಂಡು ಸದಸ್ಯೆಯರಿಗೆ ದಿನದ ಬಾಡಿಗೆಗೆ ಕೊಡಬಹುದು. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ಶುರುವಾದ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್‌ಗಳ ವಿಚಾರದಲ್ಲಿ ನನಗೆ ಇಷ್ಟವಾದದ್ದೂ ಇದೇ. ಅದು ಮನೆಯ ಯಾರ ಸ್ವತ್ತೂ ಅಲ್ಲವಾದ್ದರಿಂದ ಯಾರೂ ಕಸಿದುಕೊಳ್ಳಲಾರರು.

ಮಹಿಳಾ ದಿನದಂದು ಟೋಪಿ, ಟೀ ಶರ್ಟ್ ಹಂಚಿ ಮಾಡುವ ಸೈಕಲ್ ಜಾಥಾಗಳ ಮೇಲೆ ನನಗೆ ಹೆಚ್ಚು ನಂಬಿಕೆಯಿಲ್ಲ. ಅಂದು ಬಂದ ಸೈಕಲ್‌ಗಳು ಮಾರನೆಯ ದಿನ ಕಾಣುವುದಿಲ್ಲ. ಅದಕ್ಕೆ ಸುರಿಯುವ ಹಣದಲ್ಲಿ ಒಂದು ಶಾಲೆಗೆ ಹತ್ತು ಕಲಿಕೆಯ ಸೈಕಲ್, ಒಂದು ಪಾನೆ ಸೆಟ್, ಒಂದು ಗಾಳಿಪಂಪು ಬರುತ್ತದೆ. ಅವು ವರ್ಷವಿಡೀ ದುಡಿಯುತ್ತವೆ.

ನನ್ನ ಕೇಳಿಕೆ ಎರಡೇ. ಸರ್ಕಾರಕ್ಕೆ: ಎಂಟನೇ ತರಗತಿಯ ಸೈಕಲ್ ಹಂಚಿಕೆ ಒಂದು ವರ್ಷವೂ ತಪ್ಪದಿರಲಿ. ಆ ಸೈಕಲ್ ಹುಡುಗಿಯದೇ ಸ್ವತ್ತು, ಮನೆಯದಲ್ಲ ಎಂದು ಬರಹದಲ್ಲಿ ಕೊಡಲಿ. ಇದನ್ನು ಓದುತ್ತಿರುವ ನಿಮಗೆ: ನಿಮ್ಮ ಹಿತ್ತಲಲ್ಲಿ, ಮೆಟ್ಟಿಲ ಕೆಳಗೆ, ದನದ ಕೊಟ್ಟಿಗೆಯಲ್ಲಿ ಧೂಳು ಹಿಡಿದ ಒಂದು ಸೈಕಲ್ ಇರಬಹುದು. ಅದನ್ನು ಹೊರತೆಗೆದು, ಟ್ಯೂಬ್ ಬದಲಿಸಿ, ಚೈನಿಗೆ ಎಣ್ಣೆ ಬಿಟ್ಟು, ಸೀಟು ತಗ್ಗಿಸಿ ಅಂಗಳದಲ್ಲಿ ನಿಲ್ಲಿಸಿ. ಮನೆಯ ಹೆಂಗಸರಲ್ಲಿ ಒಂದು ಕಾಲಕ್ಕೆ ತುಳಿಯುತ್ತಿದ್ದವರು ಯಾರೆಂದು ಕೇಳಿ. ಬೀಗದ ಕೈ ಅವರಿಗೆ ಕೊಡಿ.